ಅಪಶೂದ್ರಾಧಿಕರಣ ಎಂಬ ಮಾತು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ್ದು)



ಅಧಿಕಾರ ಅಂದ್ರೆ ನಮಗೆ ತಾಲ್ಲೂಕು ಕಚೇರಿ, ಕುರ್ಚಿ, ಮೊಹರು. ಶಾಸ್ತ್ರದಲ್ಲಿ ಅದಕ್ಕೆ ಅರ್ಹತೆ ಅಂತ ಅರ್ಥ. ಯಾರು ಓದಬಹುದು, ಯಾರು ಕೇಳಬಹುದು ಅನ್ನೋ ಲೆಕ್ಕ. ಈ ಲೆಕ್ಕಕ್ಕೆಂದೇ ಬ್ರಹ್ಮಸೂತ್ರದಲ್ಲಿ ಒಂದು ಭಾಗವಿದೆ. ಮೊದಲ ಅಧ್ಯಾಯ, ಮೂರನೇ ಪಾದ, 34ರಿಂದ 38ನೇ ಸೂತ್ರ. ಹೆಸರು ಅಪಶೂದ್ರಾಧಿಕರಣ. ಅಧಿಕರಣ ಎಂದರೆ ಒಂದು ವಿಷಯದ ಚರ್ಚೆ. ಅಪಶೂದ್ರ ಎಂದರೆ ಶೂದ್ರನನ್ನು ಹೊರಗಿಟ್ಟು. ಹೆಸರಿನಲ್ಲೇ ತೀರ್ಪು ಇದೆ.

ಇದರ ಹಿಂದೆ ಒಂದು ಕಥೆ. ಛಾಂದೋಗ್ಯ ಉಪನಿಷತ್ತಿನ ನಾಲ್ಕನೇ ಅಧ್ಯಾಯದಲ್ಲಿ ಜಾನಶ್ರುತಿ ಅಂತ ಒಬ್ಬ ದಾನಿ. ಹಾರುವ ಹಂಸಗಳು ತನ್ನನ್ನು ಹಗುರಾಗಿ ಆಡಿದ್ದು ಕೇಳಿ, ಗಾಡಿ ಕೆಳಗೆ ಕಜ್ಜಿ ಕೆರೆಯುತ್ತ ಕೂತಿದ್ದ ರೈಕ್ವನ ಹತ್ತಿರ ವಿದ್ಯೆ ಕೇಳಲು ಹೋದ. ಆರುನೂರು ಹಸು, ಹಾರ, ರಥ ಇಟ್ಟ. ರೈಕ್ವ 'ಶೂದ್ರ' ಎಂದು ಕರೆದು ವಾಪಸು ಕಳಿಸಿದ. ಎರಡನೇ ಸಲ ಸಾವಿರ ಹಸುವಿನ ಜೊತೆ ಮಗಳನ್ನೂ ತಂದಾಗ ಮತ್ತೆ ಶೂದ್ರ ಎಂದೇ ಕರೆದ, ಆದರೆ ಕಲಿಸಿದ. (ಆ ಮಗಳನ್ನು ಯಾರು ಕೇಳಿದರು? ಅದಕ್ಕೆ ಇನ್ನೊಂದು ಸಭೆಯೇ ಬೇಕು.)

ಹಾಗಾದರೆ ಶೂದ್ರನಿಗೂ ವಿದ್ಯೆ ಉಂಟು ಅಂತ ಆಗಲಿಲ್ಲವೆ? ಇಲ್ಲೇ ಪಂಡಿತರ ಕೈಚಳಕ. ಶೂದ್ರ ಅಂದ್ರೆ ಇಲ್ಲಿ ಜಾತಿಯಲ್ಲವಂತೆ. 'ಶುಚ್' ಎಂದರೆ ದುಃಖ, 'ದ್ರು' ಎಂದರೆ ಓಡು. ಹಂಸಗಳ ಮಾತಿಗೆ ನೊಂದು ಓಡಿಬಂದವನು ಅಂತ ಅರ್ಥವಂತೆ. ಆಸಾಮಿ ಕ್ಷತ್ರಿಯನಂತೆ! ಜೀವ ಬ್ರಹ್ಮ ಒಂದೋ ಬೇರೆಯೋ ಅಂತ ಹೊಡೆದಾಡುವ ಶಂಕರ, ರಾಮಾನುಜ, ಮಧ್ವ ಮೂವರೂ ಶೂದ್ರನಿಗೆ ವೇದವಿಲ್ಲ ಅನ್ನುವಾಗ ಮಾತ್ರ ಒಂದೇ ಪಂಕ್ತಿ.

38ನೇ ಸೂತ್ರದ ಭಾಷ್ಯದಲ್ಲಿ ಶಂಕರರು, ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಸೀಸ, ಅರಗು ತುಂಬಬೇಕೆಂಬ ಸ್ಮೃತಿಯನ್ನು ಆಧಾರವಾಗಿ ಎತ್ತಿಕೊಳ್ಳುತ್ತಾರೆ. ಎಲ್ಲವೂ ಬ್ರಹ್ಮವೇ ಎಂದವರೂ ಇವರೇ. ಆಮೇಲೊಂದು ರಿಯಾಯಿತಿ: ಇತಿಹಾಸ ಪುರಾಣಗಳನ್ನು ನಾಲ್ಕು ವರ್ಣಕ್ಕೂ ಕೇಳಿಸಬಹುದು. ನಾಲ್ಕು. ಐದನೆಯವರಾದ ನಾವು ಆ ಎಣಿಕೆಯಲ್ಲೂ ಇಲ್ಲ.

ಬಾಬಾಸಾಹೇಬರಿಗೆ ಹೈಸ್ಕೂಲಿನಲ್ಲಿ ಸಂಸ್ಕೃತ ಕೊಡಲಿಲ್ಲ, ಪರ್ಷಿಯನ್ ಓದಿದರು. ಅವರೇ 1946ರಲ್ಲಿ 'ಶೂದ್ರರು ಯಾರು?' ಪುಸ್ತಕ ಬರೆದು, ಇದೇ ಜಾನಶ್ರುತಿ ವೇದವಿದ್ಯೆ ಕಲಿತ ಶೂದ್ರ ಅಂತ ತೋರಿಸಿದರು.

ನಿಮ್ಮಲ್ಲಿ ತತ್ವಶಾಸ್ತ್ರ ತಗೊಂಡವರಿದ್ದೀರಿ. ನಿಮ್ಮ ನೋಟ್ಸಿನಲ್ಲಿ ಈ ಐದು ಸೂತ್ರ ಇದೆಯೋ ನೋಡಿ. ಇಲ್ಲದಿದ್ದರೆ ಕ್ಲಾಸಿನಲ್ಲಿ ಎದ್ದುನಿಂತು ಕೇಳಿ. ಭಾಷ್ಯಕ್ಕೆ ಕನ್ನಡ ಅನುವಾದವಿದೆ. ಗುಂಪಾಗಿ ಕೂತು, ಜೋರಾಗಿ ಓದೋಣ.