ಹಿಂದಿನ ಸೀಟಿನ ಲೆಕ್ಕ

(ತೂಬಗೆರೆಯಲ್ಲಿ ಹೊಸದಾಗಿ ಅಕ್ಷರ ಕಲಿತ ಅಕ್ಕಂದಿರ ಸಭೆಯಲ್ಲಿ ಮಾಡಿದ ಭಾಷಣ)



ಮೊದಲು ಒಂದು ಪ್ರಶ್ನೆ. ಬೈಕ್ ಮೇಲೆ, ಸ್ಕೂಟರ್ ಮೇಲೆ ಓಡಾಡುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಓಹೋ, ಬಹಳ ಜನ. ಅದರಲ್ಲಿ ಹಿಂದೆ ಕೂತು ಹೋಗುವವರು? ಹೆಚ್ಚು ಕಡಿಮೆ ಅಷ್ಟೂ ಕೈ ಮೇಲೇ ಇವೆ. ಸರಿ. ಹಿಂದೆ ಕೂತಾಗ ಹೆಲ್ಮೆಟ್ ಹಾಕುವವರು? ನೋಡಿ, ಕೈಗಳೆಲ್ಲ ಕೆಳಗೆ ಬಂದವು. ನಗಬೇಡಿ. ನಾವೂ ನಿಮ್ಮ ಹಾಗೇ ಇದ್ದವರು.

ತೂಬಗೆರೆಯಿಂದ ದೊಡ್ಡಬಳ್ಳಾಪುರಕ್ಕೆ ಹೋಗೋದು ಅಂದರೆ ಗಂಡನ ಹಿಂದೆ, ಮಗನ ಹಿಂದೆ, ತಮ್ಮನ ಹಿಂದೆ ಕೂತು ಹೋಗೋದು. ಪುಷ್ಯ ಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ತೇರಿಗೂ ಹಾಗೇ. ಮಡಿಲಲ್ಲಿ ಮಗು. ಕೈಯಲ್ಲಿ ಹಣ್ಣುಕಾಯಿ ಚೀಲ. ಮುಡಿಯಲ್ಲಿ ಹೂವು. ಎರಡೂ ಕಾಲು ಒಂದೇ ಕಡೆ. ಗಾಡಿ ಓಡಿಸೋನ ತಲೆ ಮೇಲೆ ಹೆಲ್ಮೆಟ್ ಇರತ್ತೆ, ಅದೂ ಪೊಲೀಸರ ದಂಡದ ಭಯಕ್ಕೆ. ಹಿಂದೆ ಕೂತವಳ ತಲೆ ಮೇಲೆ ಬರೀ ಸೆರಗು. ಬಿದ್ದರೆ ಎರಡು ತಲೆಯೂ ಅದೇ ಟಾರು ರಸ್ತೆಗೆ ತಾನೇ ಬಡಿಯೋದು?

ಒಂದು ಲೆಕ್ಕ ಹೇಳ್ತೀವಿ. 2022ನೇ ಇಸವಿಯಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕರ್ನಾಟಕ ಒಂದರಲ್ಲೇ 11,702 ಜನ. ದೇಶದ ಲೆಕ್ಕವನ್ನು ದಿನಕ್ಕೆ ಹಂಚಿದರೆ 460ಕ್ಕೂ ಹೆಚ್ಚು. ಒಂದು ಬಸ್ಸಿಗೆ 46 ಜನ ಅಂದುಕೊಳ್ಳಿ. ದಿನಾ ಹತ್ತು ಬಸ್ಸು ತುಂಬ ಜನ. ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅವರಲ್ಲಿ 14,337 ಜನ ಗಾಡಿ ಓಡಿಸ್ತಾ ಇರಲಿಲ್ಲ. ಹಿಂದೆ ಕೂತಿದ್ದರು. ನಮ್ಮ ಹಳ್ಳಿಗಳಲ್ಲಿ ಹಿಂದಿನ ಸೀಟು ಅಂದರೆ ಬಹಳ ಮಟ್ಟಿಗೆ ಹೆಂಗಸರ ಸೀಟು.

ಸಾವು ಆದ ಮನೆಗೆ ಹೋದರೆ ಏನಂತೀವಿ? ಹಣೆಬರಹ ಅಂತೀವಿ. ದುಃಖದಲ್ಲಿ ಇರೋರಿಗೆ ಬೇರೆ ಏನು ಹೇಳೋಕಾಗತ್ತೆ, ಅನ್ನಲಿ. ಆದರೆ ಒಂದೇ ತಿರುವಿನಲ್ಲಿ ಮೂರು ವರ್ಷಕ್ಕೆ ಐದು ಜನ ಸತ್ತರೆ ಅದು ಐದು ಜನರ ಹಣೆಬರಹವೋ, ಆ ತಿರುವಿನ ದೋಷವೋ? ಇದನ್ನು ತಿಳಿಯಬೇಕಾದರೆ ಎಣಿಸಬೇಕು. ಎಣಿಸಿ, ಒಂದಕ್ಕೊಂದು ಹೋಲಿಸಿ ನೋಡಬೇಕು. ವಿಜ್ಞಾನ ಅಂದರೆ ಬಹಳ ಮಟ್ಟಿಗೆ ಇದೇ. ಹೀಗೆ ಸಿಕ್ಕ ಲೆಕ್ಕಕ್ಕೆ ಪುರಾವೆ ಅಂತಾರೆ.

ಇದಕ್ಕೆ ಒಂದು ಹಳೇ ಕತೆ ಇದೆ. 1935ರಲ್ಲಿ ಇಂಗ್ಲೆಂಡಿನಲ್ಲಿ ಲಾರೆನ್ಸ್ ಅನ್ನುವ ಹೆಸರಾಂತ ಮನುಷ್ಯ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಏಟಾಗಿ ಸತ್ತ. ಅವನನ್ನು ನೋಡಿದ ಡಾಕ್ಟರಲ್ಲಿ ಒಬ್ಬರು ಹ್ಯೂ ಕೈರ್ನ್ಸ್. ಅವರು ಅಯ್ಯೋ ಪಾಪ ಅಂತ ಸುಮ್ಮನಾಗಲಿಲ್ಲ. ಹೀಗೆ ಬಿದ್ದವರ ಲೆಕ್ಕ ಇಟ್ಟರು. ಹೆಲ್ಮೆಟ್ ಹಾಕಿದ್ದು ಏಟು ತಿಂದವರು ಅವರಿಗೆ ಏಳೇ ಜನ ಸಿಕ್ಕಿದರು. ಏಳೂ ಜನ ಬದುಕಿದ್ದರು. 1941ರಲ್ಲಿ ಅವರು ಇದನ್ನು ಬರೆದು ಅಚ್ಚು ಹಾಕಿಸಿದರು. ಅಲ್ಲಿನ ಸೈನ್ಯದಲ್ಲಿ ಹೆಲ್ಮೆಟ್ ಕಡ್ಡಾಯ ಆಯಿತು. ಊರ ಜನಕ್ಕೆ ಕಡ್ಡಾಯ ಆಗಿದ್ದು ಮಾತ್ರ 1973ರಲ್ಲಿ. ಲೆಕ್ಕ ಸಿಕ್ಕ ಮೇಲೂ 32 ವರ್ಷ ತಡ! ಸರ್ಕಾರಗಳು ಎಲ್ಲಾ ಕಡೆ ಒಂದೇ ಥರ, ಅಲ್ಲವಾ?

ಏಳು ಜನರ ಲೆಕ್ಕ ಸಾಲದು ಅಂತ ನೀವು ಹೇಳಬಹುದು. ಸರಿಯಾದ ಮಾತು. ಅದಕ್ಕೇ ಬೇರೆ ಬೇರೆ ದೇಶದವರು ಎಣಿಸುತ್ತಾ ಹೋದರು. 2008ರಲ್ಲಿ 61 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆಲ್ಮೆಟ್ ಹಾಕಿದರೆ ತಲೆಗೆ ಪೆಟ್ಟಾಗುವ ಅಪಾಯ ನೂರಕ್ಕೆ 69 ಪಾಲು ಕಡಿಮೆ. ಸಾಯುವ ಅಪಾಯ ನೂರಕ್ಕೆ 42 ಪಾಲು ಕಡಿಮೆ. ಹೆಲ್ಮೆಟ್ ಒಳಗೆ ದಪ್ಪ ಥರ್ಮಾಕೋಲ್ ಇರತ್ತಲ್ಲ, ಏಟು ಬಿದ್ದಾಗ ಅದು ಜಜ್ಜಿಹೋಗತ್ತೆ. ನಮ್ಮ ತಲೆ ಜಜ್ಜಿಹೋಗೋ ಬದಲು ಅದು ಜಜ್ಜಿಹೋಗತ್ತೆ. ಹಾಗಾಗಿ ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಹಾಕಬಾರದು.

ದೂರದ ದೇಶದ ಮಾತು ಸಾಕು. ನಮ್ಮ ಬೆಂಗಳೂರಿಗೇ ಬರೋಣ. ನಿಮ್ಹಾನ್ಸ್ ಆಸ್ಪತ್ರೆಯ ಹೆಸರು ಕೇಳಿದ್ದೀರಿ. ತಲೆಗೆ ಪೆಟ್ಟಾದವರನ್ನು ಎಲ್ಲೆಲ್ಲಿಂದಲೋ ಅಲ್ಲಿಗೆ ತರ್ತಾರೆ. ಅಲ್ಲಿನ ಡಾ. ಜಿ. ಗುರುರಾಜ್ ಮತ್ತು ಅವರ ಜೊತೆಯವರು ಬಂದವರಿಗೆ ಬರೀ ಔಷಧಿ ಕೊಟ್ಟರೆ ಸಾಲದು ಅಂದುಕೊಂಡರು. ಹೇಗೆ ಬಿದ್ದರು? ಮುಂದೆ ಕೂತಿದ್ದರೋ, ಹಿಂದೆ ಕೂತಿದ್ದರೋ? ಹೆಲ್ಮೆಟ್ ಇತ್ತಾ? ಕುಡಿದಿದ್ದರಾ? ಎಲ್ಲಾ ಕೇಳಿ ಬರೆದುಕೊಂಡರು. ಕರ್ನಾಟಕಕ್ಕೆ ಹೆಲ್ಮೆಟ್ ಕಾನೂನು ಯಾಕೆ ಬೇಕು ಅಂತ 2005ರಲ್ಲಿ ಅದನ್ನು ಪುಸ್ತಕ ಮಾಡಿ ಮುಂದಿಟ್ಟರು.

ಕಾನೂನು ಮೊದಲೇ ಇರಲಿಲ್ಲವಾ ಅಂದರೆ, ಇತ್ತು. 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಹೆಲ್ಮೆಟ್ ಮಾತು ಇತ್ತು. ಆದರೆ ರಾಜ್ಯಗಳು ಬೇಕಾದವರಿಗೆ ವಿನಾಯಿತಿ ಕೊಡಬಹುದು ಅಂತ ಒಂದು ಕಿಂಡಿಯೂ ಇತ್ತು. ದೆಹಲಿಯಲ್ಲಿ ಹೆಂಗಸರಿಗೆ ಹೆಲ್ಮೆಟ್ ಬೇಡ ಅಂತ ಬಿಟ್ಟಿದ್ದರು. 2014ರಲ್ಲಿ, ಸಿಖ್ ಹೆಂಗಸರನ್ನು ಬಿಟ್ಟು, ಎಲ್ಲರೂ ಹಾಕಬೇಕು ಅಂತ ಮಾಡಿದರು. ನಮ್ಮಲ್ಲಿ 2006ರಲ್ಲಿ ಬೆಂಗಳೂರಿನಲ್ಲಿ ಗಾಡಿ ಓಡಿಸೋರಿಗೆ ಕಡ್ಡಾಯ ಆಯಿತು. ಹಿಂದೆ ಕೂತವರ ಸರದಿ ಬಂದಿದ್ದು 2016ರ ಜನವರಿಯಲ್ಲಿ. ಹತ್ತು ವರ್ಷ ಆದ ಮೇಲೆ! ಹೆಂಗಸರಿಗೆ ಉಪಕಾರ ಮಾಡ್ತೀವಿ ಅಂತ ಕೊಟ್ಟ ವಿನಾಯಿತಿ ಉಪಕಾರ ಆಗಿರಲಿಲ್ಲ.

2019ರಲ್ಲಿ ಕಾಯ್ದೆ ತಿದ್ದಿದರು. ನಾಲ್ಕು ವರ್ಷ ತುಂಬಿದ ಎಲ್ಲರಿಗೂ ಹೆಲ್ಮೆಟ್ ಬೇಕು. ಅದಕ್ಕಿಂತ ಚಿಕ್ಕ ಮಕ್ಕಳಿಗೆ 2022ರಲ್ಲಿ ಬೇರೆ ನಿಯಮ ಬಂತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಅದರ ಅಳತೆಯ ಹೆಲ್ಮೆಟ್, ಓಡಿಸೋರಿಗೆ ಕಟ್ಟುವ ಪಟ್ಟಿ, ವೇಗ 40 ಕಿಲೋಮೀಟರ್ ಮೀರಬಾರದು. ಹೆಲ್ಮೆಟ್ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಈಗ ನಿಮಗೆ ಓದೋಕೆ ಬರತ್ತಲ್ಲ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಮಾರೋ ಟೋಪಿ ದಂಡ ತಪ್ಪಿಸಬಹುದು, ತಲೆ ಉಳಿಸಲ್ಲ. ಹಾಗೇ ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದ ಹಾಗೆ ಅರ್ಧ ಚಕ್ರ ಮುಚ್ಚುವ ತಡೆ ಇರಬೇಕು, ಹಿಡಿಯೋಕೆ ಹಿಡಿ ಇರಬೇಕು ಅಂತ 1989ರ ನಿಯಮವೇ ಇದೆ. ಚೆನ್ನಾಗಿ ಕಾಣಲ್ಲ ಅಂತ ಹುಡುಗರು ಅದನ್ನು ಬಿಚ್ಚಿಸಿ ಮೂಲೆಗೆ ಹಾಕ್ತಾರೆ. ಮತ್ತೆ ಹಾಕಿಸಿ.

ಈಗ ಮುಖ್ಯವಾದ ಮಾತು. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ರಸ್ತೆ ಸುರಕ್ಷತಾ ನೀತಿ ತಂದಿತು. ಅಪಘಾತಗಳ ಮಾಹಿತಿ ಸರಿಯಾಗಿ ಕೂಡಿಡಬೇಕು ಅನ್ನೋದು ಆ ನೀತಿಯ ಒಂದು ಮಾತು. ಆಮೇಲೆ ಬ್ಲ್ಯಾಕ್ ಸ್ಪಾಟ್ ಅಂತ ಒಂದು ಅಳತೆ ಇಟ್ಟರು. ರಾಷ್ಟ್ರೀಯ ಹೆದ್ದಾರಿಯ 500 ಮೀಟರ್ ಉದ್ದದಲ್ಲಿ ಮೂರು ವರ್ಷಕ್ಕೆ ಐದು ದೊಡ್ಡ ಅಪಘಾತ, ಇಲ್ಲವೇ ಹತ್ತು ಸಾವು ಆದರೆ ಅದು ಬ್ಲ್ಯಾಕ್ ಸ್ಪಾಟ್. ಅದನ್ನು ಸರಿಪಡಿಸಬೇಕು. ಈಚೆಗೆ ಪೊಲೀಸರು ಅಪಘಾತದ ಜಾಗವನ್ನು ಮೊಬೈಲಿನಲ್ಲೇ ಗುರುತು ಹಾಕುವ ಏರ್ಪಾಡೂ ಬಂದಿದೆ. ಮದ್ರಾಸಿನ ಐಐಟಿಯವರು ಮಾಡಿದ್ದು. ಮೊದಲು ಶುರುವಾದ ಆರು ರಾಜ್ಯಗಳಲ್ಲಿ ನಮ್ಮದೂ ಒಂದು.

ಆದರೆ ಬರೆಸದೇ ಇದ್ದ ಅಪಘಾತ ಯಾರ ಲೆಕ್ಕಕ್ಕೂ ಬರಲ್ಲ. ಬಿದ್ದು ಕಾಲು ಮುರಿದುಕೊಂಡು, ಪೊಲೀಸು ಯಾಕೆ ಅಂತ ಸುಮ್ಮನೆ ಮನೆಗೆ ಹೋದರೆ ಆ ತಿರುವಿನ ಲೆಕ್ಕದಲ್ಲಿ ಒಂದು ಕಡಿಮೆ. ಅದಕ್ಕೇ ನಿಮ್ಹಾನ್ಸ್‌ನವರು ಬೆಂಗಳೂರಿನಲ್ಲಿ ಪೊಲೀಸರ ಲೆಕ್ಕದ ಜೊತೆಗೆ ಆಸ್ಪತ್ರೆಗಳ ಲೆಕ್ಕವನ್ನೂ ಸೇರಿಸಿ ನೋಡೋದು ಶುರು ಮಾಡಿದ್ದು.

ನಮ್ಮ ಜೊತೆ ಕೆಲಸ ಮಾಡುವ ಒಬ್ಬ ಅಕ್ಕ ಇದ್ದಾರೆ. ಈ ಜಿಲ್ಲೆಯವರಲ್ಲ. ಹೆಸರು ಹೇಳಬೇಡಿ ಅಂದಿದ್ದಾರೆ. ಅವರ ಯಜಮಾನರು ಒಂದು ರಾತ್ರಿ ಗುರುತಿಲ್ಲದ ರಸ್ತೆ ಉಬ್ಬು ಹಾರಿ ಬಿದ್ದು ಹೋದರು. ಮಾರನೇ ದಿನ ಅಕ್ಕನ ಮುಂದೆ ಒಂದು ಹಾಳೆ ಇಟ್ಟರು. ಅವರಿಗೆ ಆಗ ಅಕ್ಷರ ಬರ್ತಿರಲಿಲ್ಲ. ಅಳುತ್ತಾ ಹೆಬ್ಬೆಟ್ಟು ಒತ್ತಿದರು. ಎಷ್ಟೋ ವರ್ಷ ಆದ ಮೇಲೆ ಓದು ಕಲಿತು, ಟ್ರಂಕಿನಲ್ಲಿದ್ದ ಆ ಹಾಳೆ ತೆಗೆದು ಓದಿದರು. ಜಾಗದ ಹೆಸರು ಬೇರೆ ಬರೆದಿತ್ತು. ಉಬ್ಬಿನ ಮಾತೇ ಇರಲಿಲ್ಲ. ಅತಿ ವೇಗ, ಅಜಾಗರೂಕತೆ ಅಂತ ಬರೆದಿತ್ತು. ಆ ಉಬ್ಬು ಹಾಗೇ ಉಳೀತು. ಅಲ್ಲಿ ಆಮೇಲೆ ಇನ್ನಿಬ್ಬರು ಬಿದ್ದರು ಅಂತ ಹೇಳುವಾಗ ಅವರಿಗೆ ಈಗಲೂ ಗಂಟಲು ಕಟ್ಟತ್ತೆ.

ನಾವು ಹೇಳಿದ್ದನ್ನು ಬರೆದುಕೊಂಡ ಮೇಲೆ ಪೊಲೀಸರು ಅದನ್ನು ಓದಿ ಹೇಳಬೇಕು. ಆಮೇಲೇ ಸಹಿ. ದೂರಿನ ಒಂದು ಪ್ರತಿಯನ್ನು ದುಡ್ಡು ಕೇಳದೆ ಕೊಡಬೇಕು. ಇದು ಕಾನೂನು. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ 108ಕ್ಕೆ ಫೋನ್ ಮಾಡಿ. ಒಳ್ಳೇ ಮನಸ್ಸಿನಿಂದ ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 2019ರ ತಿದ್ದುಪಡಿಯಲ್ಲೂ ಅದು ಸೇರಿದೆ.

ಮಾತು ಸಾಕು. ನಿಮಗೆಲ್ಲ ಒಂದೊಂದು ಹಾಳೆ ಕೊಡ್ತೀವಿ. ಅಪಘಾತದ ದೂರು ಹೇಗಿರತ್ತೆ ಅಂತ ತೋರಿಸೋಕೆ ನಾವೇ ಬರೆದ ಮಾದರಿ ಇದು. ಜಾಗ, ಸಮಯ, ಹೆಲ್ಮೆಟ್ ಇತ್ತೋ ಇಲ್ಲವೋ, ರಸ್ತೆ ಹೇಗಿತ್ತು, ಎಲ್ಲಾ ಇದೆ. ಬೇಕಂತಲೇ ಒಂದು ತಪ್ಪೂ ಹಾಕಿದ್ದೀವಿ. ಇಬ್ಬಿಬ್ಬರು ಕೂತು, ಬೆರಳಿಟ್ಟು ಗಟ್ಟಿಯಾಗಿ ಓದಿ. ತಪ್ಪು ಎಲ್ಲಿದೆ ಅಂತ ಮೊದಲು ಯಾರು ಹೇಳ್ತೀರಿ ನೋಡೋಣ.