ತೆನೆ ಹಬ್ಬದ ಪ್ರಬೋಧನೆ: ಹಳ್ಳದ ಪುಟ್ಟ ಕಪ್ಪೆ


ಇಂದು ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಜನನೋತ್ಸವ. ಹೊಸ ತೆನೆಯನ್ನು ಬಲಿಪೀಠದ ಮುಂದಿಟ್ಟಿದ್ದೇವೆ. ಒಂಬತ್ತು ದಿನ ಹೂ ತಂದ ಹಿರೇಕೊಡಿಗೆಯ ಮಕ್ಕಳೇ, ಹಳ್ಳದ ಕಲ್ಲಿನ ಮೇಲೆ ಕುಳಿತು ಹಿಂಗಾಲು ಬೀಸುವ ಪುಟ್ಟ ಕಪ್ಪೆಯನ್ನು ಕಂಡಿರಾ? ನೀರಿನ ಅಬ್ಬರದಲ್ಲಿ ಕೂಗು ಸಾಲದೆ, ‘ಇದು ನನ್ನ ಜಾಗ’ ಎಂದು ಇತರ ಗಂಡುಗಳಿಗೆ ಅದು ಕಾಲಿನಿಂದ ಹೇಳುತ್ತದೆ. ಈ ನೃತ್ಯಕಪ್ಪೆಗಳ ಒಂದು ಜಾತಿಗೆ ನಮ್ಮದೇ ಜಿಲ್ಲೆಯ ಕೊಟ್ಟಿಗೆಹಾರದ ಹೆಸರಿದೆ. 1937ರಲ್ಲಿ ಸಿ. ಆರ್. ನಾರಾಯಣ ರಾವ್ ಅದನ್ನು ಗುರುತಿಸಿದರು. ಇಂದು ಅದು ಅಪಾಯದಲ್ಲಿದೆ. ಮರಗಳ ನೆರಳಿನ ಹಳ್ಳ ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ.

ಪವಿತ್ರ ಬೈಬಲ್ಲಿನಲ್ಲಿ ದೇವರ ಮೊದಲ ಆಶೀರ್ವಾದ ಯಾರಿಗೆ? ನಮಗಲ್ಲ. ಐದನೇ ದಿನ, ನೀರಿನ ಜೀವಿಗಳಿಗೂ ಹಕ್ಕಿಗಳಿಗೂ. ಮನುಷ್ಯನ ಸರದಿ ಬಂದದ್ದು ಮರುದಿನ.

ಮೈಲುತುತ್ತು ಹೊಡೆಯದಿದ್ದರೆ ಕೊಳೆರೋಗಕ್ಕೆ ಅಡಿಕೆ ಉಳಿಯದು, ಒಪ್ಪುತ್ತೇನೆ. ಬೇಡವೆನ್ನಲು ನಾನು ಯಾರು? ಆದರೆ ಡ್ರಮ್ಮನ್ನು ಹಳ್ಳದಲ್ಲೇ ಏಕೆ ತೊಳೆಯಬೇಕು? ತಾಮ್ರದ ಆ ನೀರು ಗೊದಮೊಟ್ಟೆಗಳಿಗೆ ವಿಷ. ಹೋದ ವರ್ಷದವರೆಗೆ ನಮ್ಮ ಚರ್ಚಿನ ತೋಟದ ಡ್ರಮ್ಮನ್ನೂ ಅಲ್ಲೇ ತೊಳೆಯುತ್ತಿದ್ದರು. ನಾನು ನೋಡಿ ಸುಮ್ಮನಿದ್ದೆ. ಈ ಸಲ ಹಳ್ಳದಿಂದ ದೂರ ಗುಂಡಿ ತೆಗೆಸಿದ್ದೇನೆ. ನೀವೂ ತೆಗೆಸಿ. ಹಳ್ಳದಂಚಿನ ಮರಗಳಿಗೆ ಕೊಡಲಿ ಹಾಕಬೇಡಿ.

ಈಗ ತೆನೆಗಳ ಆಶೀರ್ವಾದಕ್ಕೆ ಎದ್ದು ನಿಲ್ಲೋಣ.