ಕಾರಿನ ಹೊಳಪು ಮತ್ತು ರೋಟರಿ ಯಂತ್ರ



ಹೊಳಪು ತರುವ ಕೆಲಸ ಬೀದರ್ ಜಿಲ್ಲೆಯವರಿಗೆ ಹೊಸದಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಅರ ಹಾಕಿ ನಯಗೊಳಿಸಿ, ಕೊರೆದ ಗೆರೆಗಳಲ್ಲಿ ಬೆಳ್ಳಿ ಕೂರಿಸಿ, ಉಜ್ಜಿ, ಕಡೆಗೆ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಬರಿಸುವ ಬಿದ್ರಿ ಕಲೆ ನಮ್ಮ ಊರಿನ ಹೆಸರನ್ನೇ ಹೊತ್ತುಕೊಂಡಿದೆ. ಅದರ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ನಿಮಗೆ ನೆನಪಿರಬಹುದು. ಈ ಕೆಲಸಕ್ಕೂ ಈಗ ಮೋಟಾರಿನ ಬಫಿಂಗ್ ಚಕ್ರ ಬಂದಿದೆ. ಚಕ್ರಕ್ಕೆ ಹಿಡಿದ ಹೂದಾನಿಯಲ್ಲಿ ಬೆಳ್ಳಿ ಇರುವುದು ತೆಳುವಾದ ತಂತಿ ಅಥವಾ ತಗಡಾಗಿ ಮಾತ್ರ. ಉಜ್ಜುವುದು ಅತಿಯಾದರೆ ಸವೆಯುವುದು ಆ ಬೆಳ್ಳಿಯೇ. ಕಾರಿನ ಬಣ್ಣಕ್ಕೂ ಇದೇ ಲೆಕ್ಕ. ಈ ಭಾಷಣದಲ್ಲಿ ನಾನು ಹೇಳಹೊರಟಿರುವುದು ಆ ಲೆಕ್ಕವನ್ನೇ.

ಬೀದರಿನಿಂದ ಭಾಲ್ಕಿಯ ಕಡೆಗೆ ರೈಲಿನಲ್ಲಿ ಹೊರಟರೆ ಖಾನಾಪುರ ಜಂಕ್ಷನ್ ದಾಟಿದ ಮೇಲೆ ಹಲಬರ್ಗಾ ನಿಲ್ದಾಣ ಬರುತ್ತದೆ. ಈ ಹಲಬರ್ಗಾದಲ್ಲಾಗಲಿ, ಭಾಲ್ಕಿ, ಔರಾದ್ ಪಟ್ಟಣಗಳಲ್ಲಾಗಲಿ ವಾಷಿಂಗ್ ಸೆಂಟರನ್ನೋ ಡೆಂಟಿಂಗ್–ಪೇಂಟಿಂಗ್ ಗ್ಯಾರೇಜನ್ನೋ ನಡೆಸುವ ಯುವಕರ ಮುಂದೆ ಒಂದಲ್ಲ ಒಂದು ದಿನ ಒಂದು ಪ್ರಶ್ನೆ ಬಂದೇ ಬರುತ್ತದೆ. ಇಷ್ಟು ದಿನ ಕೈಯಿಂದಲೋ ಚಿಕ್ಕ ಡ್ಯುಯಲ್ ಆಕ್ಷನ್ ಯಂತ್ರದಿಂದಲೋ ಮಾಡುತ್ತಿದ್ದ ಪಾಲಿಶ್ ಕೆಲಸವನ್ನು ಇನ್ನು ಮುಂದೆ ರೋಟರಿ ಪಾಲಿಶರಿಗೆ ಬದಲಾಯಿಸಬೇಕೆ? ಅಂಗಡಿಯಾತ ಹೌದೆನ್ನುತ್ತಾನೆ. ಮೊಬೈಲಿನಲ್ಲಿ ಕಾಣುವ ಚಿತ್ರಗಳೂ ಹೌದೆನ್ನುತ್ತವೆ. ನನ್ನ ಉತ್ತರ, ಹೌದು, ಆದರೆ ಯಂತ್ರ ಕೊಳ್ಳುವುದು ಇದರಲ್ಲಿ ಕಡೆಯ ಕೆಲಸ.

ಮೊದಲು ಗೀರುಗಳು ಎಲ್ಲಿಂದ ಬರುತ್ತವೆ ಎಂದು ನೋಡೋಣ. ಬೀದರ್ ಪ್ರಸ್ಥಭೂಮಿಯ ಕೆಂಪು ಮೊರಂ ಧೂಳು ಬೇಸಿಗೆಯಲ್ಲಿ ಗಾಳಿಗೆ ಏಳುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು ಬೇರೆ. ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಬಾನೆಟ್ ಒರೆಸಿದಾಗ ಆ ಧೂಳಿನ ಕಣವೇ ಉಪ್ಪು ಕಾಗದದಂತೆ ಕೆಲಸ ಮಾಡುತ್ತದೆ. ವರ್ಷ ಎರಡು ವರ್ಷ ಹೀಗೆ ಒರೆಸಿದ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿ, ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆ ಹೆಣೆದಂತೆ ಸಣ್ಣ ಗೀರುಗಳು ಕಾಣುತ್ತವೆ. ಬೋರ್‌ವೆಲ್ಲಿನ ಗಡಸು ನೀರು ಒಣಗಿ ಉಳಿಸಿದ ಬಿಳಿ ಕಲೆಗಳೂ ಇದಕ್ಕೆ ಸೇರುತ್ತವೆ. ಬಿಳಿ ಕಾರಿನಲ್ಲಿ ಗೀರು ಅಷ್ಟಾಗಿ ಕಾಣುವುದಿಲ್ಲ, ಕಪ್ಪು ಕಾರಿನ ಒಡೆಯನಿಗೆ ನಿದ್ದೆ ಬರುವುದಿಲ್ಲ.

ಈ ಗೀರನ್ನು ತೆಗೆಯುವುದೆಂದರೆ ಅದನ್ನು ತುಂಬುವುದಲ್ಲ. ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಬಣ್ಣವನ್ನು ಸವೆಸುವುದು. ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಕಾರ್ಖಾನೆಯಿಂದ ಬಂದ ಇಂದಿನ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಪದರ ಮತ್ತು ಎಲ್ಲಕ್ಕಿಂತ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮೈಕ್ರಾನ್ ಎಂಬ ಮಾತು ಪ್ಲಾಸ್ಟಿಕ್ ಚೀಲದ ದೆಸೆಯಿಂದ ನಮಗೆಲ್ಲ ಪರಿಚಿತವಾಗಿದೆ. 120 ಮೈಕ್ರಾನಿಗಿಂತ ತೆಳುವಾದ ಚೀಲ ಕೂಡದೆಂದು ಕೇಂದ್ರ ಸರ್ಕಾರದ ನಿಯಮ 2022ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಅಂದರೆ ಲಕ್ಷಗಟ್ಟಲೆ ಬೆಲೆಯ ಕಾರಿನ ಇಡೀ ಬಣ್ಣದ ದಪ್ಪ ಸಂತೆಯ ಒಂದು ಕೈಚೀಲದಷ್ಟು. ಅದರಲ್ಲಿ ನಾವು ಮುಟ್ಟಬಹುದಾದ ಕ್ಲಿಯರ್ ಕೋಟ್ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅದನ್ನೂ ಪೂರ್ತಿ ಬಳಸುವಂತಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದು ಅದೇ ಪದರ. ಕಾರಿನ ಇಡೀ ಆಯುಷ್ಯದಲ್ಲಿ ಅದರಿಂದ ಕೆಲವೇ ಮೈಕ್ರಾನ್ ತೆಗೆಯಬಹುದು, ಅಷ್ಟೇ ನಮ್ಮ ಬಂಡವಾಳ.

ಈಗ ಯಂತ್ರಗಳ ವಿಚಾರ. ಡ್ಯುಯಲ್ ಆಕ್ಷನ್ ಯಂತ್ರದಲ್ಲಿ ಪ್ಯಾಡ್ ತನ್ನ ಸುತ್ತ ತಿರುಗುತ್ತ ಜೊತೆಗೆ ಸಣ್ಣ ವೃತ್ತದಲ್ಲಿ ಓಲಾಡುತ್ತದೆ. ಸಾಮಾನ್ಯವಾಗಿ ಸಿಗುವ ಮಾದರಿಗಳಲ್ಲಿ ಈ ತಿರುಗುವಿಕೆಗೆ ಮೋಟಾರಿನ ನೇರ ಬಲವಿಲ್ಲ. ಜೋರಾಗಿ ಒತ್ತಿದರೆ ಅದು ನಿಂತುಬಿಡುತ್ತದೆ. ತಪ್ಪು ಕೈಯನ್ನು ಯಂತ್ರವೇ ತಡೆದಂತೆ. ರೋಟರಿಯಲ್ಲಿ ಪ್ಯಾಡ್ ಮೋಟಾರಿಗೆ ನೇರವಾಗಿ ಜೋಡಿಸಿದ್ದು, ಒಂದೇ ಅಕ್ಷದ ಸುತ್ತ ತಿರುಗುತ್ತದೆ. ಎಷ್ಟೇ ಒತ್ತಿ, ಅದು ನಿಲ್ಲುವುದಿಲ್ಲ. ಒತ್ತಿದ ಬಲವೆಲ್ಲ ಸವೆತವಾಗಿ ಮತ್ತು ಶಾಖವಾಗಿ ಬಣ್ಣಕ್ಕಿಳಿಯುತ್ತದೆ. 150 ಮಿಲಿಮೀಟರ್ ಅಗಲದ ಪ್ಯಾಡನ್ನು ನಿಮಿಷಕ್ಕೆ 1500 ಸುತ್ತಿನಲ್ಲಿ ತಿರುಗಿಸಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 12 ಮೀಟರ್ ಓಡುತ್ತದೆ. ಮಧ್ಯದ ಬಿಂದು ನಿಂತಲ್ಲೇ ಇರುತ್ತದೆ. ಆದ್ದರಿಂದ ಯಂತ್ರ ಸ್ವಲ್ಪ ಓರೆಯಾದರೂ ಸಾಕು, ಅಂಚಿನ ಒಂದು ಕಡೆಯೇ ಎಲ್ಲ ಕೆಲಸವನ್ನೂ ಮಾಡಿ ಬಿಡುತ್ತದೆ.

ಇಲ್ಲೊಂದು ಎಚ್ಚರಿಕೆ. ಗ್ಯಾರೇಜಿನಲ್ಲಿ ಬೆಸುಗೆ ತಿಕ್ಕಲು ಇಟ್ಟ ಆಂಗಲ್ ಗ್ರೈಂಡರಿಗೇ ಪಾಲಿಶ್ ಪ್ಯಾಡ್ ಸಿಕ್ಕಿಸಿ ಕೆಲಸ ಸಾಗಿಸುವವರುಂಟು. ಎರಡರ ಆಕಾರ ಒಂದೇ ತರಹ, ಎಷ್ಟೋ ಸಲ ಮರೆಯೂ ಒಂದೇ ಅಳತೆಯದು. ಆದರೆ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ಓಡುವಂಥದು. ಅದೇ 150 ಮಿಲಿಮೀಟರ್ ಪ್ಯಾಡಿನ ಅಂಚು ಆಗ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗ ಪಡೆಯುತ್ತದೆ. ಬಣ್ಣದ ಮಾತು ಹಾಗಿರಲಿ, ಪ್ಯಾಡ್ ಹರಿದು ಮುಖಕ್ಕೆ ಬಡಿದೀತು. ಪಾಲಿಶರ್ ಎಂದರೆ 600ರಿಂದ ಶುರುವಾಗಿ ನಿಧಾನಕ್ಕೆ ಏರಿಸಬಹುದಾದ, ಒತ್ತಿದಾಗಲೂ ವೇಗ ಕುಸಿಯದ ಯಂತ್ರ.

ರೋಟರಿ ತರುವ ನಷ್ಟ ಆ ದಿನವೇ ಕಾಣುವುದಿಲ್ಲ ಎಂಬುದೇ ಇದರ ದೊಡ್ಡ ತೊಡಕು. ಕೈಯಿಂದ ಇಡೀ ದಿನ ಉಜ್ಜಿದರೂ ಹೋಗದ ಗೀರು ರೋಟರಿಗೆ ಕೆಲವು ನಿಮಿಷಗಳಲ್ಲಿ ಮಾಯವಾಗುತ್ತದೆ. ಗಿರಾಕಿ ಸಂತೋಷಪಟ್ಟು, “ಇನ್ನೊಮ್ಮಿ ಮಷೀನ್ ಹೊಡೀರಿ ಅಣ್ಣಾ, ಖರೇನ ಕನ್ನಡಿ ಆಗಬೇಕು” ಎನ್ನುತ್ತಾನೆ. ಆ ಇನ್ನೊಮ್ಮೆಯಲ್ಲಿ ಕ್ಲಿಯರ್ ಕೋಟ್ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಕಾರು ಹೊಳೆಯುತ್ತಲೇ ಮನೆಗೆ ಹೋಗುತ್ತದೆ. ಕೆಲವು ಬೇಸಿಗೆ ಕಳೆದ ಮೇಲೆ ಬಾನೆಟ್ಟಿನ ಮೇಲೆ, ಟಾಪಿನ ಮೇಲೆ ಮಾಸಲು ಮಚ್ಚೆ ಮೂಡಿ, ಪದರ ಹಪ್ಪಳದಂತೆ ಏಳತೊಡಗುತ್ತದೆ. ಆಗ ಪಾಲಿಶ್ ಉಪಯೋಗಕ್ಕೆ ಬಾರದು. ಇಡೀ ಭಾಗಕ್ಕೆ ಹೊಸ ಬಣ್ಣವೇ ಗತಿ. ಮಗಳ ಮದುವೆಗೆಂದೋ ಬಾಡಿಗೆ ಓಡಿಸಲೆಂದೋ ಸಾಲ ಮಾಡಿ ಹಳೆಯ ಕಾರು ಕೊಂಡ ಮನೆಗೆ ಆ ಖರ್ಚು ಸಣ್ಣದಲ್ಲ. ಅದಕ್ಕೂ ಮಿಗಿಲಾಗಿ, ಹಳೆಯ ಕಾರನ್ನು ಮಾರುವ ಮುನ್ನ ಎಷ್ಟು ಕೈಗಳು ಎಷ್ಟು ಸಲ ಪಾಲಿಶ್ ಮಾಡಿವೆಯೋ ಅದರ ದಾಖಲೆ ಯಾವ ಆರ್‌ಸಿ ಪುಸ್ತಕದಲ್ಲೂ ಇರುವುದಿಲ್ಲ.

ಆದ್ದರಿಂದ ರೋಟರಿಗಿಂತ ಮೊದಲು ಕೊಳ್ಳಬೇಕಾದದ್ದು ಬಣ್ಣದ ದಪ್ಪ ಅಳೆಯುವ ಗೇಜು. ತಗಡಿಗೆ ತಾಗಿಸಿದರೆ ಅಂಕಿ ತೋರಿಸುತ್ತದೆ. ಒಂದೊಂದು ಭಾಗದಲ್ಲೂ ನಾಲ್ಕಾರು ಕಡೆ ಅಳೆಯಿರಿ. 100ರ ಆಸುಪಾಸಿನಲ್ಲಿರುವ ಕಾರಿನಲ್ಲಿ ಒಂದು ಬಾಗಿಲು ಮಾತ್ರ 300 ತೋರಿಸಿದರೆ ಅದಕ್ಕೆ ಮರುಬಣ್ಣವಾಗಿದೆ. 1000 ದಾಟಿದರೆ ಒಳಗೆ ಪುಟ್ಟಿ ತುಂಬಿದೆಯೆಂದು ತಿಳಿಯಿರಿ. ಆದರೆ ಗೇಜಿನ ಮಾತನ್ನು ಪೂರ್ತಿ ನಂಬಿ ಕೂರುವಂತಿಲ್ಲ. ಅದು ಹೇಳುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು. ಕ್ಲಿಯರ್ ಕೋಟ್ ಒಂದೇ ಎಷ್ಟಿದೆ ಎಂದು ಹೇಳದು. ಪುಟ್ಟಿಯ ಮೇಲೆ ತೆಳುವಾದ ಕ್ಲಿಯರ್ ಕೋಟ್ ಇದ್ದರೂ ಅಂಕಿ ದೊಡ್ಡದೇ ಬರುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲಂತೂ ಸಾಮಾನ್ಯ ಗೇಜು ಕೆಲಸವನ್ನೇ ಮಾಡುವುದಿಲ್ಲ. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಗಾಡಿಗಳಲ್ಲಿ ಪ್ರತ್ಯೇಕ ಕ್ಲಿಯರ್ ಕೋಟ್ ಇಲ್ಲದ ಬಣ್ಣವಿದ್ದರೆ ಪ್ಯಾಡಿಗೆ ಕಾರಿನ ಬಣ್ಣವೇ ಹತ್ತುತ್ತದೆ, ಗಾಬರಿಯಾಗಬೇಕಿಲ್ಲ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಹಾಗೆ ಬಣ್ಣ ಹತ್ತಿದರೆ ಮಾತ್ರ ಯಂತ್ರವನ್ನು ಆ ಕ್ಷಣವೇ ಆರಿಸಬೇಕು.

ಕಲಿಯುವುದಕ್ಕೆ ಗುಜರಿ ಅಂಗಡಿಯ ಒಂದು ಬಾನೆಟ್ ಸಾಕು. ಅದರ ಮಧ್ಯೆ ಟೇಪ್ ಅಂಟಿಸಿ, ಅರ್ಧ ಭಾಗವನ್ನು ಹಾಗೆಯೇ ಬಿಟ್ಟು ಇನ್ನರ್ಧದ ಮೇಲೆ ಕೆಲಸ ಮಾಡಿ. ಆ ಬಳಿಕ ಬೇಕೆಂದೇ ಒಂದು ಮೂಲೆಯನ್ನು ಸುಡಿ. ಮಡಿಕೆಯ ಮೇಲೆ ಪ್ಯಾಡನ್ನು ಓರೆಯಾಗಿ ಹಿಡಿದು, ಒಳಗಿನ ಪ್ರೈಮರ್ ಕಾಣುವವರೆಗೆ ಮನಸ್ಸಿನಲ್ಲೇ ಸೆಕೆಂಡು ಎಣಿಸಿ. ಎಷ್ಟು ಬೇಗ ಕಂಡಿತೆಂಬುದನ್ನು ಒಮ್ಮೆ ನೋಡಿದ ಕೈ ಮುಂದೆ ಗಿರಾಕಿಯ ಕಾರಿನ ಅಂಚಿಗೆ ತಾನಾಗಿಯೇ ಹಗುರವಾಗುತ್ತದೆ. ಈ ಅಭ್ಯಾಸವನ್ನು ಯಾವ ಚಿತ್ರವೂ ಕಲಿಸಲಾರದು.

ಕೆಲಸದ ಕ್ರಮ ಹೀಗಿದೆ. ನೆರಳಿನಲ್ಲಿ ನಿಲ್ಲಿಸಿ, ತಗಡು ತಣ್ಣಗಾದ ಮೇಲೆ ಚೆನ್ನಾಗಿ ತೊಳೆದು, ಬಾನೆಟ್ಟಿನ ಅಂಚು, ಬಾಗಿಲ ಮಡಿಕೆ, ರಬ್ಬರ್ ಪಟ್ಟಿ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಬೇಕು. ಅಂಚುಗಳಲ್ಲಿ ಪದರ ಸಾಮಾನ್ಯವಾಗಿ ತೆಳುವಾಗಿರುತ್ತದೆ. ಮೊದಲು ಮೆತ್ತನೆಯ ಫೋಮ್ ಪ್ಯಾಡ್ ಮತ್ತು ನಯವಾದ ಪಾಲಿಶಿನಿಂದ ಒಂದು ಗೇಣು ಜಾಗದಲ್ಲಿ ಪರೀಕ್ಷೆ ಮಾಡಿ. ಅದರಿಂದಲೇ ಗೀರು ಹೋದರೆ ಉಣ್ಣೆಯ ಪ್ಯಾಡಿಗೂ ದಪ್ಪ ಕಾಂಪೌಂಡಿಗೂ ಕೈಹಾಕುವ ಅಗತ್ಯವೇ ಇಲ್ಲ. 600 ಸುತ್ತಿನಲ್ಲಿ ಪಾಲಿಶನ್ನು ಹರಡಿ, ಅನಂತರ 1000–1500ಕ್ಕೆ ಏರಿಸಿ, ಪ್ಯಾಡನ್ನು ಸಮತಟ್ಟಾಗಿ ಹಿಡಿದು, ಒಂದೊಂದು ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ ನಿಧಾನಕ್ಕೆ ಸಾಗಬೇಕು, ಹೊಲದಲ್ಲಿ ಕುಂಟೆ ಹೊಡೆದಂತೆ. ಎಲ್ಲಿಯೂ ನಿಲ್ಲಕೂಡದು. ಅಂಚಿನ ಹತ್ತಿರ ಬಂದಾಗ ಪ್ಯಾಡ್ ಅಂಚಿನಿಂದ ಹೊರಕ್ಕೆ ತಿರುಗುತ್ತಿರಬೇಕೇ ಹೊರತು ಅಂಚನ್ನು ಎದುರಿಸಿ ಒಳಕ್ಕಲ್ಲ. ಆಗಾಗ ಅಂಗೈ ಹಿಂಭಾಗ ಮುಟ್ಟಿಸಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಹಿಂದೆಳೆಯುವಷ್ಟು ಬಿಸಿಯಾದರೆ ಬಿಟ್ಟುಬಿಡಿ. ಪ್ಲಾಸ್ಟಿಕ್ ಬಂಪರ್ ತಗಡಿನಂತೆ ಶಾಖವನ್ನು ಹರಡಿಕೊಳ್ಳುವುದಿಲ್ಲ, ಬೇಗ ಸುಡುತ್ತದೆ. ಬಂಪರಿಗೆ ರೋಟರಿ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಒರೆಸಿದ ಕೂಡಲೇ ಕಂಡ ಹೊಳಪಿಗೆ ಮರುಳಾಗಬೇಡಿ. ಪಾಲಿಶಿನಲ್ಲಿರುವ ಎಣ್ಣೆಯ ಅಂಶ ಸಣ್ಣ ಗೀರುಗಳಲ್ಲಿ ಕೂತು ಅವನ್ನು ಮರೆಮಾಡಿರುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಟಾರ್ಚು ಹಿಡಿದು ನೋಡಿದರೆ ನಿಜ ಕಾಣುತ್ತದೆ. ರೋಟರಿ ಬಿಟ್ಟುಹೋಗುವ, ಬೆಳಕಿಗೆ ರೆಕ್ಕೆ ಬಿಚ್ಚಿದಂತೆ ಕಾಣುವ ನೆರಳುಗೆರೆಗಳೂ ಆಗಲೇ ಕಾಣುವುದು. ಕಪ್ಪು ಕಾರಿನಲ್ಲಿ ಇವನ್ನು ತೆಗೆಯಲು ಮತ್ತೆ ಡ್ಯುಯಲ್ ಆಕ್ಷನ್ ಯಂತ್ರವೇ ಬೇಕಾಗುತ್ತದೆ. ಹಾಗಾಗಿ ರೋಟರಿ ಬಂತೆಂದು ಹಳೆಯ ಯಂತ್ರವನ್ನು ಮಾರಬೇಡಿ. ಒಂದು ಗೀರು ತೆಗೆಯಲಿ, ಇನ್ನೊಂದು ಮುಗಿಸಲಿ.

ಯಾರಿಗೆ ಈ ಬದಲಾವಣೆ ತಕ್ಕದ್ದು? ಗ್ಯಾರೇಜಿನಲ್ಲಿ ಹೊಸ ಬಣ್ಣ ಹೊಡೆದು, ಅದು ಚೆನ್ನಾಗಿ ಒಣಗಿದ ಮೇಲೆ 2000 ನಂಬರಿನ ನೀರು ಕಾಗದದಿಂದ ತಿಕ್ಕುವವರಿಗೆ ರೋಟರಿ ನಿಜಕ್ಕೂ ವರ. ಆ ಕಾಗದದ ಗುರುತನ್ನು ತೆಗೆಯುವಲ್ಲಿ ಅದರ ವೇಗಕ್ಕೆ ಸಾಟಿಯಿಲ್ಲ. ಮೇಲಾಗಿ ಎಷ್ಟು ಕೋಟು ಹೊಡೆದಿದೆ ಎಂಬುದು ಹೊಡೆದವರಿಗೇ ಗೊತ್ತು. ವಾಷಿಂಗ್ ಸೆಂಟರಿನವರು ಗೇಜು ಇಟ್ಟುಕೊಂಡು, ಎರಡು ಮೂರು ತಿಂಗಳು ಗುಜರಿ ಬಾನೆಟ್ಟಿನ ಮೇಲೆ ಕೈ ಪಳಗಿಸಿ ಆಮೇಲೆ ಇಳಿಯಬಹುದು. ಮನೆಯ ಒಂದು ಕಾರಿಗಾಗಿ ಕೊಳ್ಳುವವರಿಗೆ ನಾನು ಬೇಡವೆನ್ನುತ್ತೇನೆ.

ಆಯುಧ ಪೂಜೆಯ ಹಿಂದಿನ ದಿನ ಸಾಲುಗಟ್ಟಿ ಗಾಡಿಗಳು ಬಂದಾಗ ರೋಟರಿ ಹಿಡಿಯಲೇಬೇಡಿ. ಅಂಥ ದಿನ ತೊಳೆದು ವ್ಯಾಕ್ಸ್ ಹಚ್ಚಿ ಕಳಿಸಿದರೆ ಸಾಕು. ಯಂತ್ರ ಹಿಡಿದಾಗ ಹೆಗಲ ಮೇಲಿನ ಟವೆಲ್ ತೆಗೆದಿಡಿ, ಜೋತಾಡುವ ತೋಳನ್ನು ಮಡಚಿ, ಕಣ್ಣಿಗೆ ಕನ್ನಡಕ ಹಾಕಿ. ವಾಷಿಂಗ್ ಸೆಂಟರಿನ ಒದ್ದೆ ನೆಲದಲ್ಲಿ ನಿಂತು ವಿದ್ಯುತ್ ಯಂತ್ರ ಹಿಡಿಯುವುದು ಜೀವಕ್ಕೇ ಅಪಾಯ. ಒಣ ಜಾಗಕ್ಕೆ ಗಾಡಿ ಸರಿಸಿ, ವೈರನ್ನು ಹೆಗಲ ಮೇಲಿನಿಂದ ಹಿಂದಕ್ಕೆ ಬಿಟ್ಟುಕೊಳ್ಳಿ, ಲೈನಿಗೆ ಭೂಸೋರಿಕೆ ಕಂಡರೆ ತಾನೇ ಬೀಳುವ ಸ್ವಿಚ್ಚು ಹಾಕಿಸಿ.

ಕೆಲಸ ಮುಗಿದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಅಳೆದು, ಮೊದಲಿನ ಅಂಕಿ ಮತ್ತು ಈಗಿನ ಅಂಕಿ ಎರಡನ್ನೂ ದಿನಾಂಕದೊಡನೆ ಬಿಲ್ಲಿನ ಹಿಂದೆ ಬರೆದು ಒಡೆಯರ ಕೈಗೆ ಕೊಡಿ, ನಕಲನ್ನು ನಿಮ್ಮಲ್ಲಿಟ್ಟುಕೊಳ್ಳಿ. ಒಡೆಯರು ಆ ಚೀಟಿಯನ್ನು ಗಾಡಿಯ ಕಾಗದಗಳ ಜೊತೆಗೇ ಇಡಲಿ. ಮುಂದೆ ಆ ಕಾರು ಔರಾದಿನ ಗ್ಯಾರೇಜಿಗೆ ಹೋಗಲಿ, ಬೀದರಿಗೆ ಹೋಗಲಿ, ಯಂತ್ರ ಹಿಡಿಯುವವರು ಮೊದಲು ಅದನ್ನು ಓದಿಕೊಳ್ಳಬಹುದು.